ಗೋದಕ್ಕನ ಮೂರು ದಿನದ ರಜೆ

ಬೆಳ್ಳಾರೆಯ ಬಳಿಯ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಗೋದಾವರಿಯವರನ್ನು ನಾವೆಲ್ಲರೂ ಗೋದಕ್ಕ ಎಂದೇ ಕರೆಯುತ್ತಿದ್ದೆವು. ಸಾರು ಕುದಿಯುವ ಸದ್ದು ಕೇಳಿಯೇ ಅದನ್ನು ಇಳಿಸುವ ಹೊತ್ತು ಹೇಳುತ್ತಿದ್ದರು. ಮುಟ್ಟಾದರೆ ಮಾತ್ರ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. "ಮಾಸ್ಟ್ರೇ, ಮೂರು ದಿನ ಬರುದಿಲ್ಲ" ಎನ್ನುತ್ತಿದ್ದರು. ಮುಖ್ಯೋಪಾಧ್ಯಾಯನಾಗಿದ್ದ ನಾನು ಕಾರಣ ಕೇಳದೆ ತಲೆಯಾಡಿಸುತ್ತಿದ್ದೆ.

ಅವರಿಗೆ ಐವತ್ತಾದಾಗ ಆ ರಜೆಗಳು ನಿಂತವು. ನಾಲ್ಕು ವರ್ಷ ಕಳೆದು, ನನ್ನ ನಿವೃತ್ತಿಯ ಹಿಂದಿನ ವರ್ಷ, ಮತ್ತೆ ಶುರುವಾದವು.

"ಎಂತ ಗೋದಕ್ಕ, ಪುನಃ ಹುಡುಗಿ ಆದಿರಾ?" ಎಂದು ಅಡುಗೆಯ ಸಹಾಯಕಿ ಕಮಲಾವತಿ ಕೀಟಲೆ ಮಾಡಿದಳು.

"ಹೌದು ಮಾರಾಯ್ತಿ. ನಾಳೆಯಿಂದ ನಿನ್ನ ಮಗಳು ಮೋಕ್ಷಿತಾಳ ಬೆಂಚಲ್ಲೇ ಕೂರುದು!"

ಜಗಲಿಯಲ್ಲಿದ್ದ ನಾನೂ ನಕ್ಕೆ. ಆಮೇಲೆ ಎಂಟು ತಿಂಗಳು, ತಿಂಗಳಿಗೆ ಎರಡೆರಡು ಸಲ ರಜೆ ಕೇಳಿದರು, ಕೊಟ್ಟೆ. ಮನೆಯಲ್ಲಿಯೂ ಹೊರಗೆ ಚಾಪೆ ಹಾಸಿ ಮಲಗಿ, ನಾಲ್ಕನೆಯ ದಿನ ಮಿಂದು ಒಳಗೆ ಬರುತ್ತಿದ್ದರಂತೆ.

ಒಂದು ದಿನ ಅನ್ನ ಬಸಿಯುವಾಗ ಕುಸಿದರು. ಪುತ್ತೂರಿನ ಆಸ್ಪತ್ರೆಯಲ್ಲಿ ವೈದ್ಯೆ, ಗರ್ಭಕಂಠದ ಕ್ಯಾನ್ಸರ್ ತುಂಬ ಮುಂದುವರಿದಿದೆ ಎಂದರು. ಎಚ್‌ಪಿವಿ ಎಂಬ ವೈರಸ್ ಗಂಡುಹೆಣ್ಣಿನ ಸಂಬಂಧದಲ್ಲಿ ಬಹಳ ಮಂದಿಗೆ ತಗಲಿ, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಉಳಿದು ಹೀಗಾಗುತ್ತದೆ ಎಂದು ತಿಳಿಸಿದರು. ಮೂವತ್ತು ದಾಟಿದವರು ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡರೆ ಮೊದಲೇ ಗೊತ್ತಾಗುತ್ತದೆ, ಹುಡುಗಿಯರಿಗೆ ಸಣ್ಣ ಪ್ರಾಯದಲ್ಲೇ ಚುಚ್ಚುಮದ್ದು ಕೊಡಿಸಿದರೆ ತಡೆಯಬಹುದು ಎಂದೂ ಹೇಳಿದರು.

"ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡ್ರೂ ಬರ್ಬೇಕಿತ್ತು."

ಗೋದಕ್ಕ ನೆಲ ನೋಡಿದರು. "ಅದು ಮುಟ್ಟೇ ಅಂತ ಎಣಿಸಿದ್ದು ಡಾಕ್ಟ್ರೇ."

ಕೊನೆಯ ದಿನಗಳಲ್ಲಿ ಕಮಲಾವತಿ ಅವರ ಮಂಚದ ಬದಿಯಲ್ಲಿ ಕುಳಿತು ಅತ್ತಳು. "ನಾನು ತಮಾಷೆ ಮಾಡಿದೆನಲ್ಲ ಗೋದಕ್ಕ."

"ಅದಕ್ಕೆ ಬೇಜಾರಿಲ್ಲ. ನಿನಗೆ ಮೂವತ್ತು ದಾಟಿ ಎಷ್ಟಾಯ್ತು? ಆ ಪರೀಕ್ಷೆ ಮಾಡಿಸು. ಮೋಕ್ಷಿತಾಳಿಗೆ ಚುಚ್ಚುಮದ್ದು ಈಗಲೇ ಕೊಡಿಸು, ಮದುವೆಗೆ ಬಂದ ಮೇಲಲ್ಲ."

"ನಾಚಿಕೆ ಆಗ್ತದೆ."

"ನನಗೂ ಆಗ್ತಿತ್ತು."

ಗೋದಕ್ಕ ತೀರಿಕೊಂಡು ತಿಂಗಳಾಗಿತ್ತು. ಸುಳ್ಯದ ಆಸ್ಪತ್ರೆಗೆ ತಾಯಿ ಮಗಳ ಜೊತೆ ನಾನೂ ಹೋಗಿದ್ದೆ. ಹನ್ನೊಂದು ವರ್ಷದ ಮೋಕ್ಷಿತಾ ಚುಚ್ಚಿಸಿಕೊಂಡ ತೋಳನ್ನು ಒತ್ತಿ ಹಿಡಿದು ಕೇಳಿದಳು: "ಅಮ್ಮ, ಗೋದಜ್ಜಿಗೆ ಯಾಕೆ ಕೊಡಿಸ್ಲಿಲ್ಲ?"

"ಅವರು ಸಣ್ಣವರಿರುವಾಗ ಇದು ಇರ್ಲಿಲ್ಲ ಮಗಾ."

ಚುಚ್ಚುಮದ್ದು ಇರಲಿಲ್ಲ, ನಿಜ. ಆದರೆ ಪರೀಕ್ಷೆ ಇತ್ತು. ಗೋದಕ್ಕ ಹದಿನಾರು ಸಲ ನನ್ನ ಮುಂದೆ ನಿಂತು ರಜೆ ಕೇಳಿದ್ದರು.

ನರ್ಸು ಕಮಲಾವತಿಯ ಹೆಸರು ಕೂಗಿದರು. ಅವಳು ಚೀಲವನ್ನು ಮಗಳ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಪರದೆಯ ಒಳಗೆ ಹೋದಳು.