ಮದಾರ್ ಸಾಬರು ಕಟ್ಟಿದ ಹಿತ್ತಿಲ ಜಗಲಿ

ಜಗಲಿ ಕಟ್ಟಲು ಬಂದ ಗಾರೆಯವರು ಮೊದಲ ದಿನ ಕರಣೆ ತರುತ್ತಾರೆ. ಮಳವಳ್ಳಿಯ ಮದಾರ್ ಸಾಬರು ಕಂಕುಳಲ್ಲಿ ಚಾಪೆ ತರುತ್ತಿದ್ದರು. ಬಂದವರೇ ಅದನ್ನು ಅಂಗಳದಲ್ಲಿ ಹಾಸಿ ಮಲಗಿಬಿಡುವರು. ಬಿಸಿಲು ಕಾಲಿಗೆ ಬಂದರೆ ಎದ್ದು ಚಾಪೆ ಸರಿಸಿ ಮತ್ತೆ ಮಲಗುವರು. ಊರಿನವರು ಅವರಿಗೆ ಮಲಗೋ ಸಾಬರೆಂದೇ ಹೆಸರಿಟ್ಟಿದ್ದರು. ನಾನೂ ನಕ್ಕವಳೇ.

ಅದಕ್ಕೊಂದು ಕಾರಣವಿತ್ತು. ಪ್ರಾಯದಲ್ಲಿ ಅವರು ನಿಡಘಟ್ಟದ ಸಾಹುಕಾರರೊಬ್ಬರಿಗೆ ಪಡುವಣಕ್ಕೆ ಮುಖ ಮಾಡಿ ನುಣ್ಣನೆಯ ಜಗಲಿ ಕಟ್ಟಿಕೊಟ್ಟಿದ್ದರಂತೆ. ಇಳಿಬಿಸಿಲಿಗೆ ಅದು ಕಾದ ಹೆಂಚಾಗುತ್ತಿತ್ತು. ತಪ್ಪನ್ನು ಮುಚ್ಚಿಡುವ ಪೈಕಿ ಅಲ್ಲ ಅವರು. “ಅದ್ರ ಮ್ಯಾಲೆ ನಾಯೂ ಮನಗಾಕಿಲ್ಲ ಕಣವ್ವ. ಮನೆ ಒಳಗೆ ಗ್ವಾಡೆ ಅಳೀಬೇಕು, ಆಚೆ ನೆಳ್ಳು ಅಳೀಬೇಕು,” ಎನ್ನುವರು.

ಯುದ್ಧದ ಕಾಲದಲ್ಲಿ ಬಂಡೂರಿನ ಪಕ್ಕದ ನಮ್ಮ ಹಳ್ಳಿಗೆ ಅವರನ್ನು ಕರೆಸಿದ್ದು ನನ್ನ ಮಾವ. ಐದು ಕಲ್ಲುಚಪ್ಪಡಿ ತರಿಸಿದ್ದರು. ಬೀದಿ ಕಡೆಯ ಜಗಲಿ ದೊಡ್ಡದಾಗಬೇಕು, ನ್ಯಾಯಕ್ಕೆ ಬಂದವರೆಲ್ಲ ಅದರ ಮೇಲೆ ಕೂರಬೇಕು ಎಂಬುದು ಅವರ ಆಸೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಸಾಬರು ಮುಂದೆ ಮಲಗಿದರು, ಮಗ್ಗುಲಲ್ಲಿ ಮಲಗಿದರು, ಮೂರನೆಯ ದಿನ ಹಿತ್ತಿಲ ಹೊಂಗೆಮರದ ಕೆಳಗೆ ಚಾಪೆ ಹಾಸಿದರು. ನಾನು ಅಲ್ಲೇ ಪಾತ್ರೆ ಬೆಳಗುತ್ತಿದ್ದೆ. ನನಗೆ ರೇಗಿತು. ಅವರು ಎದ್ದು ಕೂತು ನಿಧಾನವಾಗಿ ಕೇಳಿದರು:

“ದಿನದಾಗೆ ನೀನು ಎಲ್ಲಿ ಕೂತ್ಕತೀಯವ್ವ?”

ಆ ಮನೆಯಲ್ಲಿ ಯಾರೂ ಕೇಳದ ಮಾತು. ಬೀದಿ ಜಗಲಿ ಗಂಡಸರದು. ಅಡುಗೆಮನೆಯಲ್ಲಿ ಕಣ್ಣುರಿಸುವ ಹೊಗೆ. ಹೊಸಿಲ ಮೇಲೆ ಕೂತರೆ ದರಿದ್ರವೆಂದು ಅತ್ತೆ ಗದರುವರು. “ಕೂತ್ಕಳಾಕೆ ಜಾಗ ಎಲ್ಲದೆ ಸಾಬ್ರೆ?” ಎಂದೆ.

ಅವರು ನೇರ ಮಾವನ ಬಳಿ ಹೋಗಿ, ಮುಂದಕ್ಕೆ ಎರಡು ಚಪ್ಪಡಿ ಸಾಕು, ಮೂರು ಹಿತ್ತಿಲಿಗಿರಲಿ ಎಂದರು. ಹೆಂಗಸರು ಹೊರಗೆ ಕೂತರೆ ಒಲೆ ನೋಡುವವರಾರು ಎಂದು ಮಾವ ಕೆರಳಿದರು.

“ಒಲೆನೂ ಆಚೆಗೇ ತರಾನ ಬುಡಿ ಗೌಡ್ರೆ.”

ಸುತರಾಂ ಆಗದು ಎಂದರು ಮಾವ. ಯಾರೂ ಕೂರದ ಜಗಲಿ ಒಂದು ಕಟ್ಟಿದ್ದೇ ಸಾಕು ಎಂದು ಸಾಬರು ಚಾಪೆ ಸುತ್ತಿಕೊಂಡು ಮಳವಳ್ಳಿ ದಾರಿ ಹಿಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಅತ್ತೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಾರನೆಯ ಬೆಳಿಗ್ಗೆ ನ್ಯಾಯಕ್ಕೆ ಜನ ಸೇರುವ ಹೊತ್ತಿಗೆ ಮೊರದ ತುಂಬ ಹುರುಳಿ ಹಿಡಿದು ಬಂದು ಬೀದಿ ಜಗಲಿಯ ನಟ್ಟನಡುವೆ ಕೂತುಬಿಟ್ಟರು. ಗಂಡಸರೆಲ್ಲ ಬೀದಿಯಲ್ಲೇ ನಿಂತರು. ಒಳಕ್ಕೆ ನಡಿ ಎಂದು ಮಾವ ಪಿಸುಗುಟ್ಟಿದರು. ಅತ್ತೆ ತಲೆ ಎತ್ತದೆ ಕಲ್ಲು ಆರಿಸುತ್ತಲೇ ಅಂದರು: “ಮೂವತ್ತು ವರ್ಸ ನಿಂತ್ಕಂಡೇ ಬೇಸಿವ್ನಿ. ಸಾಬ್ರನ್ನ ಕರುಸಿ, ಎದ್ದೇಳ್ತೀನಿ.” ಮಧ್ಯಾಹ್ನದೊಳಗೆ ಮಳವಳ್ಳಿಗೆ ಬಂಡಿ ಹೋಯಿತು.

ಹಿತ್ತಿಲ ಜಗಲಿಯನ್ನು ಸಾಬರು ನಮ್ಮ ಮೊಣಕಾಲೆತ್ತರಕ್ಕೆ ಕಟ್ಟಿದರು. ಒರಗಲು ಗೋಡೆ, ಸೀರೆ ಸಿಕ್ಕಿಕೊಳ್ಳದಂತೆ ದುಂಡಗಿನ ಅಂಚು, ತೊಳೆದ ನೀರು ಬಾಳೆಗಿಡಕ್ಕೆ ಹರಿಯುವಂತೆ ಇಳಿಜಾರು. ಹೊಗೆ ಮನೆಯತ್ತ ಬಾರದ ಕಡೆ ನೋಡಿ ಒಲೆ ಹೂಡಿದರು. ಸೋರೆಬಳ್ಳಿಗೆ ಚಪ್ಪರ ಹಾಕಿದ್ದೂ ಅವರೇ. ಮುದ್ದೆ ತಿರುವುವುದು, ಕಾಳು ಬಿಡಿಸುವುದು, ತಲೆ ಬಾಚಿಕೊಳ್ಳುವುದು ಎಲ್ಲ ಅಲ್ಲಿಗೇ ಬಂತು. ಅತ್ತೆ ನನ್ನೊಡನೆ ನಗುತ್ತಾ ಮಾತಾಡಿದ್ದು ಆ ಜಗಲಿಯ ಮೇಲೇ ಮೊದಲು.

ತಾವು ಕಟ್ಟಿದ ಜಗಲಿಯ ಮೇಲೆ ಸಾಬರು ಎಂದೂ ಕೂರುತ್ತಿರಲಿಲ್ಲ. ಕೂತರೆ ತಪ್ಪು ಕಾಣುವುದಿಲ್ಲ ಎನ್ನುವರು. ವರ್ಷಕ್ಕೊಮ್ಮೆ ಬಂದು ನಿಂತೇ ನೋಡಿ ಹೋಗುವರು.

ಸ್ವಾತಂತ್ರ್ಯ ಬಂದ ವರ್ಷ ಕೋಲೂರಿಕೊಂಡು ಬಂದರು. ಅತ್ತೆ ತೀರಿಕೊಂಡಿದ್ದರು. ಅಂದು ಬೇಡವೆಂದಿದ್ದ ಮಾವ ಈಗ ಆ ಜಗಲಿಯ ಉದ್ದಕ್ಕೂ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ನಾನು ಮೊರ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಸಾಬರು ಮಾವನನ್ನು ನೋಡಿದರು, ನೆರಳನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

“ನೀನು ಎಲ್ಲಿ ಕೂತ್ಕತೀಯವ್ವ?”

“ಮಾವ, ಒಸಿ ಕಾಲು ಮಡುಚ್ಕಳಿ,” ಎಂದೆ. ಮಾವ ನಿದ್ದೆಗಣ್ಣಲ್ಲೇ ಕಾಲೆಳೆದುಕೊಂಡರು. ನಾನು ಕೂತೆ. ಸಾಬರು ತಲೆಯಾಡಿಸಿ, ಕೋಲು ಊರುತ್ತಾ ಹೊರಟುಹೋದರು.

ದೀಪಾವಳಿಗೆ ಮೊದಲೇ ಸಾಬರು ತೀರಿಕೊಂಡ ಸುದ್ದಿ ಬಂತು. ಅವತ್ತು ಅವರ ಕಾಲು ನಡುಗುತ್ತಿದ್ದದ್ದು ನನಗೆ ಆಗ ನೆನಪಾಯಿತು. ನನ್ನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ನೀವೂ ಕೂತ್ಕಳಿ ಸಾಬ್ರೆ ಎಂದು ನಾನು ಅನ್ನಲಿಲ್ಲ.