ಉರಿಬಯಲಿನಲ್ಲಿ ಬಚ್ಚಿಟ್ಟ ನೀರು

ಗಿರಿಜಕ್ಕ, ಉರಿಬಯಲಿನ ನಡುವೆ ನಿಮ್ಮ ಪಾಲಿನ ನೀರನ್ನು ನನಗೆ ಕೊಟ್ಟಿರಲ್ಲ — ಆ ಮಧ್ಯಾಹ್ನ ನನಗೆ ಬಾಯಾರಿಕೆಯೇ ಇರಲಿಲ್ಲ. ಸ್ವಲ್ಪ ಮುಂಚೆಯಷ್ಟೇ ನಿಮ್ಮ ಹಿತ್ತಲಿನ ಡ್ರಮ್ಮಿನಿಂದ ಹೊಟ್ಟೆ ತುಂಬ ಕುಡಿದು, ಮೀಸೆ ಒರೆಸಿಕೊಂಡು, ಬಾಡಿದ ಮುಖ ಮಾಡಿಕೊಂಡು ಬಂದು ಚಾಪೆಯ ಮೇಲೆ ಕೂತಿದ್ದೆ. ಇದನ್ನು ಹೇಳದೆಯೇ ಇಷ್ಟು ವರ್ಷ ನಿಮ್ಮ ಮನೆಯ ಅನ್ನ ಉಂಡಿದ್ದೇನೆ.

ಬೇರೆಯವರು ಕೇಳಿದರೆ ನಗುತ್ತಾರೆ. ಉರಿಬಯಲು ಯಾವ ಭೂಪಟದಲ್ಲೂ ಇಲ್ಲ. ಎಂಬತ್ತರ ದಶಕದಲ್ಲಿ, ಪೀಣ್ಯದ ನಿಮ್ಮ ಶೀಟಿನ ಮನೆಯಲ್ಲಿ, ನಿಮ್ಮ ತಮ್ಮ ಮೂರ್ತಿ ಕಟ್ಟಿದ ಆಟದ ಲೋಕದೊಳಗಿನ ಮರಳುಗಾಡು ಅದು. ಅವನೂ ನಾನೂ ಒಂದೇ ಫ್ಯಾಕ್ಟರಿಯ ಟೂಲ್‌ರೂಮಿನ ಅಪ್ರೆಂಟಿಸ್‌ಗಳು. ತರಬೇತಿಗೆ ಜರ್ಮನಿಗೆ ಹೋಗಿ ಬಂದ ಸೂಪರ್‌ವೈಸರ್ ಒಬ್ಬರು ಅಲ್ಲಿಯ ಹುಡುಗರ ಆಟವೊಂದರ ಬಗ್ಗೆ ಬಾಯಿಮಾತಿನಲ್ಲಿ ಹೇಳಿದ್ದರು — ಒಬ್ಬ ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗಿನ ಜನರಾಗಬೇಕು, ಗೆದ್ದರೋ ಸೋತರೋ ಎಂಬುದನ್ನು ದಾಳ ತೀರ್ಮಾನಿಸಬೇಕು. ಮೂರ್ತಿಗೆ ಅಷ್ಟು ಸಾಕಾಯಿತು. ಹಳೆಯ ಡ್ರಾಯಿಂಗ್ ಹಾಳೆಯ ಹಿಂಬದಿಗೆ ನಕ್ಷೆ ಬರೆದ. ಹಿತ್ತಾಳೆಯ ತುಂಡಿನಲ್ಲಿ ನಾವೇ ದಾಳ ಮಾಡಿಕೊಂಡೆವು. ನಾನು ಕತ್ತಿ ಹಿಡಿದ ವೀರಕೇತುವಾದೆ. ನೀವು ಅಂಬಿಗರ ಹೊನ್ನಿ.

"ಮರಳಲ್ಲಿ ದೋಣಿ ನಡೆಸ್ತೀಯೇನಕ್ಕ?" ಎಂದು ಮೂರ್ತಿ ರೇಗಿಸಿದ.

"ಆಚೆ ಕಡೆ ಸಮುದ್ರ ಇದೆ ಅಂತ ನೀನೇ ಬರ್ದಿದೀಯಲ್ಲೋ. ಅಲ್ಲೀವರ್ಗೂ ನಡ್ಕೊಂಡೇ ಹೋಗ್ತೀನಿ" ಅಂದಿರಿ.

ಉರಿಬಯಲಿನಲ್ಲಿ ಏನೇನಿತ್ತು — ನೆರಳೆಂದು ಹತ್ತಿರ ಹೋದವರನ್ನು ನುಂಗುವ ಗುಂಡಿಗಳು, ಸತ್ತವರ ದನಿಯಲ್ಲಿ ಹೆಸರು ಹಿಡಿದು ಕರೆಯುವ ಗಾಳಿ. ಅವಕ್ಕೆಲ್ಲ ನಾವು ಹೆದರಲಿಲ್ಲ. ಹೆದರಿದ್ದು ಮೂರ್ತಿಯ ಒಂದು ನಿಯಮಕ್ಕೆ: ಆಟದೊಳಗೆ ನಮ್ಮ ಪಾತ್ರ ನೀರು ಕುಡಿದಾಗ ಮಾತ್ರ ಇಲ್ಲಿ ನಾವು ಕುಡಿಯಬೇಕು. ಏಪ್ರಿಲ್ ತಿಂಗಳು, ತಲೆಯ ಮೇಲೆ ಕಾದ ಶೀಟು, ಕಣ್ಣೆದುರಿಗೇ ನೀರಿನ ಚೊಂಬು. ನಿಮ್ಮಮ್ಮ ಒಳಗಿನಿಂದ "ಇವಕ್ಕೇನು ಬಂದಿದೆಯೋ" ಅಂತ ಗೊಣಗುತ್ತಿದ್ದರು.

ಆ ಭಾನುವಾರದ ಆಟವೇ ನಿಮ್ಮ ಕೊನೆಯ ಆಟ ಎಂದು ಮೂವರಿಗೂ ಗೊತ್ತಿತ್ತು. ಮುಂದಿನ ವಾರ ನಿಮ್ಮ ಮದುವೆ. ಆಮೇಲೆ ಊರಿನ ಇನ್ನೊಂದು ತುದಿಯ ಸಿಂಗಸಂದ್ರಕ್ಕೆ ನಿಮ್ಮ ಸಂಸಾರ. ಗಂಡು ಯಾರು, ಕೆಲಸ ಬಿಡಬೇಕೋ ಬೇಡವೋ — ಒಂದನ್ನೂ ಮನೆಯಲ್ಲಿ ನಿಮ್ಮನ್ನು ಕೇಳಿರಲಿಲ್ಲ. ನಿಮ್ಮ ಮಾತು ನಡೆಯುತ್ತಿದ್ದದ್ದು ಆ ಚಾಪೆಯ ಮೇಲೆ ಮಾತ್ರ. ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಮುಗಿಸಿ, ಬಿಸಿಲಲ್ಲಿ ನಡೆದು ಬಂದವರು ಒಂದು ಗುಟುಕೂ ಕುಡಿಯದೆ ನೇರ ಬಂದು ಕೂತಿರಿ. "ಇವತ್ತು ಹೊನ್ನಿ ಸಮುದ್ರ ನೋಡ್ಲೇಬೇಕು ಕಣ್ರೋ" ಅಂದಿರಿ.

ಕೊನೆಯ ಬಾವಿಯ ಹತ್ತಿರ ನಾನು ಮೂರ್ತಿಯ ಕಿವಿಯಲ್ಲಿ ಒಂದು ಮಾತು ಹೇಳಿದೆ. ಆಟದಲ್ಲಿ ಹಾಗೆ ಗುಟ್ಟಾಗಿ ಹೇಳಬಹುದಿತ್ತು; ಹೇಳಿದ್ದನ್ನು ಮೂರ್ತಿ ಯಾರಿಗೂ ಬಿಟ್ಟುಕೊಡುವಂತಿರಲಿಲ್ಲ. ನಾನು ಹೇಳಿದ್ದು ಇಷ್ಟೆ: ವೀರಕೇತು ಇನ್ನೊಂದು ತೊಗಲಚೀಲ ತುಂಬ ನೀರು ತುಂಬಿ, ಹೊನ್ನಿಗೆ ಕಾಣದ ಹಾಗೆ ಬಚ್ಚಿಡುತ್ತಾನೆ. ಮೂರ್ತಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದ.

ಆಮೇಲೆ ಬಚ್ಚಲಿಗೆಂದು ಎದ್ದು ಹೋಗಿ ಡ್ರಮ್ಮಿನ ನೀರು ಕುಡಿದೆ. ನಿಯಮದ ಪ್ರಕಾರ ಅದು ತಪ್ಪೇ ಅಲ್ಲ — ವೀರಕೇತು ಆ ಚೀಲದ ನೀರು ಕುಡಿದ, ನಾನೂ ಕುಡಿದೆ. ಇದೊಂದು ಮಾತನ್ನು ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೋ.

ವಾಪಸ್ಸು ಬಂದು ಕೂತಾಗ, ಆಟದ ಲೆಕ್ಕಕ್ಕೆಂದು ಇಟ್ಟ ಚೊಂಬಿನಲ್ಲಿ ಉಳಿದಿದ್ದದ್ದು ಒಂದೇ ಲೋಟದಷ್ಟು. ಒಬ್ಬರಿಗೆ ಮಾತ್ರ ಸಾಲುತ್ತದೆ ಎಂದ ಮೂರ್ತಿ. ದನಿ ಯಾಕೋ ಸಣ್ಣಗಿತ್ತು. ನಾನು ಬಾಯಿ ಬಿಡಬಹುದಿತ್ತು. ಚೀಲ ಇದೆ ಅಕ್ಕ, ಇಬ್ಬರೂ ಕುಡಿಯೋಣ ಅನ್ನಬಹುದಿತ್ತು — ಅನ್ನಲಿಲ್ಲ. ಗಂಟಲು ಒಣಗಿದವನಂತೆ ಉಗುಳು ನುಂಗಿದೆ. ಗೆಲ್ಲಬೇಕಿತ್ತು ನನಗೆ, ಇನ್ನೇನೂ ಅಲ್ಲ. ನೀವು ಲೋಟ ತುಂಬಿಸಿ ನನ್ನ ಕಡೆ ಸರಿಸಿದಿರಿ. ನಿಮ್ಮ ತುಟಿ ಬೆಳ್ಳಗೆ ಒಣಗಿತ್ತು.

"ನೀನು ಕುಡಿ. ಯಾರಾದ್ರೂ ಒಬ್ರು ದಾಟಿದ್ರೆ ಸಾಕು."

ಕುಡಿದೆ. ಬೇಡದ ಹೊಟ್ಟೆಗೆ, ಪೂರ್ತಿ.

ನೀರಿಲ್ಲದೆ ಹೊನ್ನಿ ದಾಟುತ್ತಾಳೋ ಇಲ್ಲವೋ ಎಂದು ನೀವು ದಾಳ ಹಾಕಿದಿರಿ, ಸೋತಿರಿ. ಹೊನ್ನಿ ಮರಳಿನ ಮೇಲೆ ಒರಗಿದಳು. "ಇನ್ನೊಂದ್ಸಲ ಹಾಕಕ್ಕ" ಎಂದು ಮೂರ್ತಿ ಅಂಗಲಾಚಿದ. "ಬೇಡಪ್ಪ, ಮೋಸದಾಟ ಬೇಡ" ಅಂದು ನಗುತ್ತ ಎದ್ದು ಒಳಗೆ ಹೋದಿರಿ. ವೀರಕೇತು ಸಮುದ್ರ ಕಂಡ. ಮಾರನೆಯ ದಿನ ಮೂರ್ತಿ ಊಟದ ಬಿಡುವಿನಲ್ಲಿ ನಕ್ಷೆ ಬಿಚ್ಚಿ ತೋರಿಸಿದ: ದಂಡೆ ಅಲ್ಲೇ, ಹೊನ್ನಿ ಬಿದ್ದಲ್ಲಿಂದ ಮುಂದಿನ ದಿಬ್ಬದ ಆಚೆಗಿತ್ತು. ಚೀಲ ಹೊರತೆಗೆದಿದ್ದರೆ ಇಬ್ಬರೂ ದಾಟುತ್ತಿದ್ದೆವು. "ನಾನು ಹೇಳೋ ಹಾಗಿಲ್ಲ. ನೀನೇ ಹೇಳ್ಬೇಕು ಕಣೋ" ಎಂದ. ಅವನು ಇವತ್ತಿನವರೆಗೂ ಹೇಳಿಲ್ಲ. ನಾನೂ ಹೇಳಲಿಲ್ಲ.

ಆದರೆ ಅಕ್ಕ — ಆ ಒಂದು ಲೋಟ ನೀರು ಎಲ್ಲಿಯವರೆಗೆ ಬಂತು ನೋಡಿ. ನಾನಿದ್ದ ಕಂಪನಿ ಬಾಗಿಲು ಹಾಕಿದ ಮೇಲೆ, ಜಿಗಣಿಯಲ್ಲಿ ಒಂದು ಲೇತ್ ಯಂತ್ರ ಇಟ್ಟುಕೊಂಡು ಸ್ವಂತ ಶೆಡ್ ಮಾಡುತ್ತೇನೆಂದಾಗ ನನ್ನ ಅಪ್ಪನೇ ಹುಚ್ಚು ಅಂದರು. ನೀವು ನಿಮ್ಮ ಯಜಮಾನರಿಗೆ, "ಇವನು ಉರಿಬಯಲು ದಾಟಿದವನು ಕಣ್ರೀ, ಇದ್ಯಾವ ಲೆಕ್ಕ" ಅಂದಿರಿ. ಅವರ ಫ್ಯಾಕ್ಟರಿಯಿಂದ ಮೊದಲ ಆರ್ಡರ್ ಕೊಡಿಸಿದಿರಿ. ಕೆಲಸ ಸಿಗದೆ ಲೇತ್ ಸುಮ್ಮನೆ ನಿಂತ ದಿನಗಳಲ್ಲಿ ನಿಮ್ಮ ಆ ಮಾತನ್ನೇ ಹಿಡಿದುಕೊಂಡು ಶೆಡ್ಡಿನ ಬಾಗಿಲು ತೆಗೆದಿದ್ದೇನೆ. ಸುಳ್ಳಿನ ಮೇಲೆ ನಿಂತ ಮಾತೆಂದು ಗೊತ್ತಿತ್ತು. ಆದರೂ ಅದೇ ನನ್ನನ್ನು ಕಾಪಾಡಿತು. ನನ್ನ ಹೆಂಡತಿ ಮಕ್ಕಳು ಉಂಡ ಅನ್ನದಲ್ಲಿ ನಿಮ್ಮ ಪಾಲಿದೆ. ಇದನ್ನು ನೆನೆದಾಗಲೆಲ್ಲ ನಾಚಿಕೆಗಿಂತ ಮೊದಲು ಬರುವುದು ಕೃತಜ್ಞತೆ. ಅದು ಸರಿಯೋ ತಪ್ಪೋ ನನಗೆ ತಿಳಿಯದು.

ಹೋದ ವಾರ ಫೋನು ಮಾಡಿದಿರಿ. ಮೊಮ್ಮಕ್ಕಳು ಕಂಪ್ಯೂಟರಿನಲ್ಲಿ ಅಂಥದೇ ಒಂದು ಆಟ ಆಡುತ್ತಿದ್ದಾರೆ, ಅದರಲ್ಲೂ ಒಂದು ಮರಳುಗಾಡಿದೆ, ಯಾರಿಗೂ ದಾಟಲು ಆಗುತ್ತಿಲ್ಲ. "ದಾಟಿದವನೊಬ್ಬ ಇದಾನೆ, ಕರೆಸ್ತೀನಿ ಅಂದಿದೀನಿ. ಭಾನುವಾರ ಊಟಕ್ಕೇ ಬಂದ್ಬಿಡು" ಅಂದಿರಿ. ನಿಮ್ಮ ದನಿಯಲ್ಲಿ ಎಷ್ಟು ಹೆಮ್ಮೆ ಇತ್ತು ಅಕ್ಕ. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮಕ್ಕಳಿಗಿಂತ ಮೊದಲು ನಿಮಗೆ ತಿಳಿಯಬೇಕೆಂದು ಇದನ್ನು ಬರೆದೆ.

ಭಾನುವಾರ ಬರುತ್ತೇನೆ. ಮಕ್ಕಳನ್ನು ಕೂರಿಸಿಕೊಂಡು ಹೊನ್ನಿಯ ಕಥೆ ಹೇಳುತ್ತೇನೆ — ಹೇಗೆ ನಡೆದಳು, ಏನು ಕೊಟ್ಟಳು, ಕೊಡುವಾಗ ಪಕ್ಕದವನ ಚೀಲದಲ್ಲಿ ಏನಿತ್ತು, ಎಲ್ಲವನ್ನೂ. ಅದು ಮುಗಿದ ಮೇಲೆ ನೀವು ಊಟಕ್ಕೆ ಏಳು ಅಂದರೆ ಏಳುತ್ತೇನೆ. ಅನ್ನದಿದ್ದರೆ, ಮಕ್ಕಳ ತಲೆ ಸವರಿ ಹೊರಡುತ್ತೇನೆ.