ಒಗ್ಗರಣೆ ಇಲ್ಲದ ಕ್ರಿಸ್‌ಮಸ್

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಬಾಗಿಲು ತಟ್ಟಿದ. ಹುಡುಗ ಎಂದರೆ ಮದುವೆಯಾದ ಹುಡುಗ. ನನ್ನ ವಯಸ್ಸಿನವರಿಗೆ ಐವತ್ತು ದಾಟದವರೆಲ್ಲ ಹುಡುಗರೇ. ಹೇಳಬೇಕಾದ ಮಾತು ಬಾಯಿಗೆ ಬಾರದೆ ನಮ್ಮ ಬಾಗಿಲ ತೋರಣವನ್ನು ಹೊಗಳಿದ, ನನ್ನ ಮಂಡಿನೋವು ವಿಚಾರಿಸಿದ. ಕೊನೆಗೆ ಕುತ್ತಿಗೆ ಕೆರೆದುಕೊಂಡು ಹೇಳಿದ:

"ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಅವಳಿಗೀಗ ಮೂರು ತಿಂಗಳು. ಏನ್ ತಿಂದ್ರೂ ನಿಲ್ತಿಲ್ಲ. ನಿಮ್ಮನೆ ಒಗ್ಗರಣೆ ವಾಸನೆ ಬಂತು ಅಂದ್ರೆ ಸಾಕು, ಬಾತ್‌ರೂಮಿಗೆ ಓಡ್ತಾಳೆ. ಕಿಟಕಿ ಒಂಚೂರು ಹಾಕ್ಕೊಂಡು ಅಡುಗೆ ಮಾಡಿದ್ರೆ..."

"ಆಯ್ತಪ್ಪ, ಅದಕ್ಕೇನಂತೆ" ಎಂದೆ. ಬಾಗಿಲು ಹಾಕಿಕೊಂಡು ಬಂದು ಒಂದಿಷ್ಟು ಹೊತ್ತು ಗೊಣಗಿದೆ. ಗೊಣಗದೆ ಏನು ಮಾಡಲಿ ಹೇಳಿ? ಮತ್ತಿಕೆರೆಯ ಈ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನಿಂದ ಇಳಿದವರು ಮೂಗೆತ್ತಿ, "ಅಜ್ಜಿ ಮನೇಲಿ ಇವತ್ತು ಬೇಳೆಸಾರು" ಎಂದು ಹೇಳಬಲ್ಲರು. ಸಾಸಿವೆ ಸಿಡಿದು, ಇಂಗು ಅರಳಿ, ಕರಿಬೇವು ಚಟಪಟ ಅಂದ ಮೇಲೇ ನನ್ನ ಅಡುಗೆ ಅಡುಗೆಯಾಗುವುದು. ಹಾಡು ಬಾರದ, ಹಸೆ ಬರೆಯಲಾರದ ನನಗೆ ಹೆಮ್ಮೆ ಪಡಲು ಇರುವುದು ಆ ಒಗ್ಗರಣೆ ಸೌಟು ಒಂದೇ. ಅದರ ಮೇಲೂ ದೂರು ಬಂದರೆ ಹೇಗೆ?

ಹೀಗೆ ಗೊಣಗುತ್ತಲೇ ಕಿಟಕಿ ಹಾಕಲು ಕೈ ಚಾಚಿದವಳು ಹಾಗೇ ನಿಂತುಬಿಟ್ಟೆ. ಪಕ್ಕದ ಮನೆಯ ಒಗ್ಗರಣೆ ವಾಸನೆ ಗೋಡೆ ದಾಟಿ ಬಾರದಿರಲಿ ಎಂದು ಒಂದು ಕಾಲದಲ್ಲಿ ನಾನೂ ಜೀವ ಕೈಯಲ್ಲಿ ಹಿಡಿದು ಕಾದಿದ್ದೆ. ಆಗ ಗೋಡೆಯ ಆ ಕಡೆ ಇದ್ದವರು ಎಸ್ತರಮ್ಮ.

ಅರವತ್ತನೆಯ ಇಸವಿಯ ಆಸುಪಾಸಿನ ಮಾತು. ಮದುವೆಯಾಗಿ ನಾನು ಬಂದದ್ದು ಯಶವಂತಪುರ ಸ್ಟೇಷನ್ನಿನ ಹಿಂದಿನ ಒಂದು ವಠಾರಕ್ಕೆ. ಒಂದೇ ಹೆಂಚಿನ ಮಾಡಿನ ಕೆಳಗೆ ಸಾಲು ಮನೆಗಳು. ಮನೆ ಮನೆಯ ನಡುವಿನ ಗೋಡೆ ಆಳೆತ್ತರಕ್ಕಿಂತ ತುಸು ಮೇಲೆ ಹೋಗಿ, ಸಾಕಾಯಿತೆಂಬಂತೆ ನಿಂತುಬಿಟ್ಟಿತ್ತು. ಮೇಲಿನ ಸಂದಿಯಲ್ಲಿ ಹೊಗೆ, ಬೆಕ್ಕು, ಗಂಡಹೆಂಡಿರ ಜಗಳ ಎಲ್ಲವೂ ಅಡೆತಡೆಯಿಲ್ಲದೆ ಓಡಾಡುತ್ತಿದ್ದವು. ಅತ್ತೆಯವರು ಒಂದು ಸೀನು ಸೀನಿದರೆ ಆ ಕಡೆಯಿಂದ "ಶೀತ ಆಯ್ತಾ ಅಮ್ಮಾವ್ರೇ?" ಎಂದು ಕೇಳಿಬರುತ್ತಿತ್ತು.

ಹಾಗೆ ಕೇಳುತ್ತಿದ್ದವರೇ ಎಸ್ತರಮ್ಮ. ಎತ್ತರದ ಹೆಂಗಸು, ಬಿಳಿ ಸೀರೆ, ಮುಖದ ತುಂಬ ಹಳೆಯ ಸಿಡುಬಿನ ಕಲೆ. ಗಂಡ ಸಮುವೇಲಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಒಳ್ಳೆಯ ಮನುಷ್ಯ, ಆದರೆ ನಾಲಗೆಯ ದಾಸ. ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆಯಾದರೂ ವಠಾರಕ್ಕೆಲ್ಲ ತಿಳಿಯುತ್ತಿತ್ತು.

ನಾನು ಬಂದ ವಾರದಲ್ಲೇ ಅತ್ತೆಯವರು ಎಚ್ಚರಿಸಿದ್ದರು. "ಕಿರಿಸ್ತಾನರು ಕಣೆ. ಮಾತಾಡ್ತಾ ಆಡ್ತಾ ಮತಕ್ಕೆ ಸೇರಿಸ್ಕೊಂಡ್ಬಿಡ್ತಾರೆ, ಹುಷಾರು." ನಾನು ಹುಷಾರಾಗಿಯೇ ಇದ್ದೆ. ಎಸ್ತರಮ್ಮ ಜಗಲಿಗೆ ಬಂದಾಗಲೆಲ್ಲ, ಇಂದು ಶುರುವಾಗುತ್ತದೆ ಎಂದು ಸೆರಗು ಬಿಗಿಮಾಡಿಕೊಂಡು ಕೂರುತ್ತಿದ್ದೆ. ಅವರು ಹೇಳುತ್ತಿದ್ದುದು, "ಹುಣಿಸೆಹಣ್ಣಿಗೆ ಒಂದಿಷ್ಟು ಬಿಸಿಲು ಕಾಣಿಸು ಅಮ್ಮಣ್ಣಿ, ಹುಳ ಬೀಳುತ್ತೆ" ಎಂದು. ವರ್ಷ ಕಳೆದರೂ ನನ್ನ ಹುಣಿಸೆಹಣ್ಣು ಕೆಡಲಿಲ್ಲ ಅನ್ನುವುದು ಬಿಟ್ಟರೆ ಬೇರೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕೊಂಚ ನಿರಾಸೆಯೇ ಆಯಿತು.

ನಮ್ಮದು ಮಡಿಯ ಮನೆ. ಅವರು ಬೇಯಿಸಿದ್ದು ನಮಗೆ ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕ್ರಿಸ್‌ಮಸ್ ಬಂತೆಂದರೆ ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟು ತಂದು ಹೊಸ್ತಿಲ ಹೊರಗೇ ನಿಂತು ಕೊಡುತ್ತಿದ್ದರು. ಮಳೆ ಹನಿದಾಗ ನಾವು ಮನೆಯಲ್ಲಿಲ್ಲದಿದ್ದರೆ ಅಂಗಳದ ಮಡಿಬಟ್ಟೆಯನ್ನು ಕೈಯಲ್ಲಿ ಮುಟ್ಟದೆ, ಅತ್ತೆಯವರ ಕೋಲಿನಿಂದಲೇ ಎತ್ತಿ ನಮ್ಮ ಜಗಲಿಯ ಗಳಕ್ಕೆ ಹಾಕುತ್ತಿದ್ದರು. ಇದರಿಂದ ಮಡಿ ಉಳಿಯಿತೋ ಕೆಟ್ಟಿತೋ ಎಂಬುದು ಅತ್ತೆಯವರಿಗೆ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಬಟ್ಟೆ ಮಾತ್ರ ಒಣಗಿರುತ್ತಿತ್ತು.

ಒಂದು ಸಲ ನಾನೇ ಬಾಯಿಬಿಟ್ಟು ಕೇಳಿದೆ. "ನಿಮ್ಮ ದೇವರ ವಿಚಾರ ನೀವು ಯಾರಿಗೂ ಹೇಳೋದೇ ಇಲ್ವಲ್ಲ ಎಸ್ತರಮ್ಮ?"

ಅವರು ಅವರೆಕಾಯಿ ಸುಲಿಯುತ್ತಿದ್ದರು. "ಭಾನುವಾರ ಕೇಳಿದ್ದು ಸೋಮವಾರಕ್ಕೆ ಹಳಸಬಾರದು ಅಮ್ಮಣ್ಣಿ. ಅಷ್ಟು ನೋಡ್ಕೊಳ್ಳೋದೇ ಸಾಕಾಗಿದೆ ನಂಗೆ. ಇನ್ನೊಬ್ರಿಗೆ ಏನ್ ಹೇಳ್ಲಿ?" ಎಂದರು.

ಆ ಮಾತು ಆಗ ನನಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾದದ್ದು ಆ ವರ್ಷದ ಡಿಸೆಂಬರಿನಲ್ಲಿ, ನನ್ನ ಮಗಳು ಪದ್ಮನಿಗೆ ಸಿಡುಬು ಬಂದಾಗ. ಅವಳಿಗಿನ್ನೂ ಎರಡು ತುಂಬಿರಲಿಲ್ಲ.

ಸಿಡುಬು ಎಂಬ ಹೆಸರನ್ನು ನಾವು ಆಗ ಬಾಯಲ್ಲಿ ಆಡುತ್ತಿರಲಿಲ್ಲ. 'ಅಮ್ಮ' ಬಂದಿದ್ದಾಳೆ ಎನ್ನುತ್ತಿದ್ದೆವು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆವು. ಅದನ್ನು ಕಂಡ ಮೇಲೆ ವಠಾರದವರು ನಮ್ಮ ಜಗಲಿಯ ಮುಂದೆ ಬರುವುದನ್ನು ಬಿಟ್ಟು ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಹೋಗತೊಡಗಿದರು. ಅವರನ್ನು ದೂರುವುದಿಲ್ಲ, ಅವರ ಮನೆಗಳಲ್ಲೂ ಮಕ್ಕಳಿದ್ದರು. ಎಸ್ತರಮ್ಮ ಮಾತ್ರ ದಿನಾ ಬೆಳಿಗ್ಗೆ ಹೊಸ್ತಿಲ ಹತ್ತಿರ ಬಂದು ನಿಲ್ಲುತ್ತಿದ್ದರು. "ನಂಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ, ಮತ್ತೆ ಬರಲ್ಲ. ಏನ್ ಬೇಕು ಹೇಳು" ಎನ್ನುತ್ತಿದ್ದರು. ಸಮುವೇಲಪ್ಪ ಡ್ಯೂಟಿ ಮುಗಿಸಿ ಬರುವಾಗ ಹೊಸ ಬೇವಿನ ಕೊಂಬೆ ತಂದು ನಮ್ಮ ಕದಕ್ಕೆ ಸಿಕ್ಕಿಸಿ ಹೋಗುತ್ತಿದ್ದ.

ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಬಾಣಲೆ ಇಡಬಾರದು. ಎಣ್ಣೆ ಕಾದ ವಾಸನೆ ಸೋಕಿದರೆ ಅಮ್ಮ ಮುನಿಯುತ್ತಾಳೆ, ಗುಳ್ಳೆ ಕಣ್ಣಿಗೆ ಇಳಿಯುತ್ತದೆ ಎಂದು ಅತ್ತೆಯವರು ಹೇಳುತ್ತಿದ್ದರು. ನಾನು ಹೈಸ್ಕೂಲು ಓದಿದವಳು, ಇಂಥದ್ದಕ್ಕೆಲ್ಲ ಒಳಗೊಳಗೇ ನಗುತ್ತಿದ್ದವಳು. ಆದರೆ ಮಗುವಿನ ರೆಪ್ಪೆಯ ಮೇಲೂ ಗುಳ್ಳೆ ಎದ್ದು, ಎರಡು ಕಣ್ಣೂ ಬಾತು ಮುಚ್ಚಿಕೊಂಡಾಗ ನನ್ನ ಹೈಸ್ಕೂಲು ಎಲ್ಲಿಗೋ ಹೋಯಿತು. ಡಾಕ್ಟರು, "ಬಾವು ಇಳಿದು ಕಣ್ಣು ಬಿಟ್ಟ ಮೇಲೆ ನೋಡೋಣಮ್ಮ" ಎಂದಷ್ಟೇ ಹೇಳಿದರು. ಮಗು ಬೆಳಕೆಲ್ಲಿ ಎಂದು ತಡಕಾಡುತ್ತಿತ್ತು. ಯಾರು ಏನು ಮಾಡಬೇಡ ಎಂದರೂ ನಾನು ಮಾಡುತ್ತಿರಲಿಲ್ಲ.

ಅಷ್ಟರಲ್ಲಿ ಕ್ರಿಸ್‌ಮಸ್ ಹತ್ತಿರ ಬಂತು. ಅದೂ ಎಂಥ ಕ್ರಿಸ್‌ಮಸ್! ಎಸ್ತರಮ್ಮನ ಒಬ್ಬಳೇ ಮಗಳನ್ನು ಆ ವರ್ಷ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸದಲ್ಲಿದ್ದ ಹುಡುಗನಿಗೆ ಕೊಟ್ಟಿದ್ದರು. ಅಳಿಯ ಮೊದಲ ಹಬ್ಬಕ್ಕೆ ಬರುವವನಿದ್ದ. ಪ್ರತಿವರ್ಷ ಹಬ್ಬಕ್ಕೆ ವಾರ ಮೊದಲೇ ಅವರ ಮನೆಯಲ್ಲಿ ಬಾಣಲೆ ಒಲೆಯೇರುತ್ತಿತ್ತು. ಕಜ್ಜಾಯ, ಚಕ್ಕುಲಿ, ಸುರುಳಿ ಸುತ್ತಿ ಕರಿದ ಕುಲ್‌ಕುಲ್. ಹಬ್ಬದ ದಿನ ಮಟನ್ ಸಾರು. ಆ ಘಮ ಗೋಡೆಯ ಮೇಲಿಂದ ಸೀದಾ ನಮ್ಮ ನಡುಮನೆಗೆ ಇಳಿಯುತ್ತಿತ್ತು.

"ಹೋಗಿ ಹೇಳ್ಬಾರೆ, ಈ ವರ್ಷ ಬಾಣಲೆ ಇಡ್ಬೇಡಿ ಅಂತ" ಎಂದು ಅತ್ತೆಯವರು ನನ್ನನ್ನು ದೂಡಿದರು. ಹೋದೆ. ಎಸ್ತರಮ್ಮ ಹೊಸ ಅಳಿಯನಿಗೆಂದು ಚಾಪೆ ಒಗೆದು ಹರವುತ್ತಿದ್ದರು. ಅವರ ಹಬ್ಬ, ಅವರ ಒಲೆ, ಅವರ ಅಳಿಯ. ನಿಮ್ಮ ಹಬ್ಬದಡುಗೆ ಮಾಡಬೇಡಿ ಎಂದು ಯಾವ ಬಾಯಲ್ಲಿ ಹೇಳುವುದು? ಒಂದು ಬೆಂಕಿಪೊಟ್ಟಣ ಕೇಳಿ ತಂದೆ. ಮನೆಯಲ್ಲಿ ಬೆಂಕಿಪೊಟ್ಟಣ ಬೇಕಾದಷ್ಟಿತ್ತು.

ಅತ್ತೆಯವರು ನನ್ನನ್ನು ನಂಬುವುದನ್ನು ಬಿಟ್ಟು ಮಗನನ್ನು, ಅಂದರೆ ನಮ್ಮ ಮನೆಯವರನ್ನು, ಏಣಿ ಹತ್ತಿಸಿದರು. ಗೋಡೆಯ ಮೇಲಿನ ಸಂದಿಗೆ ಒದ್ದೆ ಗೋಣಿಚೀಲ ತುರುಕಿಸಿದರು. ಅಂಥ ಸಂದಿಗೆ ಗೋಣಿಚೀಲ ಯಾವ ಮೂಲೆಗೆ? ಒಂದು ಜಾರಿ ಆ ಕಡೆಯ ಅಡುಗೆಮನೆಗೆ ಧೊಪ್ಪನೆ ಬಿತ್ತು. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಸಮುವೇಲಪ್ಪನ ಕೈಯೊಂದು ಮೇಲೆದ್ದು, ಚೀಲವನ್ನು ಮೊದಲಿದ್ದ ಜಾಗದಲ್ಲೇ ಒತ್ತಿ ಸಿಕ್ಕಿಸಿ, ಮಾಯವಾಯಿತು.

ದಿನಾ ಮೂಗು ತೆರೆದು ಕಾದೆವು. ವಾಸನೆ ಬರಲಿಲ್ಲ. ಗೋಣಿಚೀಲದ ಮಹಿಮೆ ಎಂದು ಅತ್ತೆಯವರು ಬೀಗಿದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಪದ್ಮನ ಪಕ್ಕ ಬೇವಿನ ಎಲೆಯಿಂದ ಗಾಳಿ ಬೀಸುತ್ತ ಕೂತಿದ್ದೆ. ಗೋಣಿಚೀಲ ವಾಸನೆ ತಡೆದೀತು, ಮಾತು ತಡೆಯುತ್ತದೆಯೇ? ಸಮುವೇಲಪ್ಪನ ಗಂಟಲು ಕೇಳಿಸಿತು.

"ಇಷ್ಟು ದಿವಸ ಒಗ್ಗರಣೆ ಇಲ್ದಿರೋ ಸಾರು ಉಂಡೆ. ಬಾಯ್ ಬಿಟ್ನಾ? ನಾಳೆ ಅಳಿಯ ಬರ್ತಾನೆ ಕಣೇ. ಅವನ ಮುಂದೆ ಹಬೇಲಿ ಬೇಯಿಸಿದ ಕಡುಬು ಇಟ್ರೆ ಅವರ ಮನೇಲಿ ಏನಂತಾರೆ? ನಾವೇನು ಮಾರಮ್ಮನ ಒಕ್ಕಲಾ, ಅವಳಿಗೆ ಹೆದರೋಕೆ?"

ಎಸ್ತರಮ್ಮನ ದನಿ ಮೆಲ್ಲಗಿತ್ತು. "ಮಾರಮ್ಮನಿಗೆ ನಾನ್ಯಾಕೆ ಹೆದರ್ಲಿ? ಆ ಹುಡುಗಿ ಹೆದರಿದ್ದಾಳಲ್ಲ. ಮೊನ್ನೆ ಬಾಗಿಲಲ್ಲಿ ನಿಂತು ಕೇಳೋಕೆ ಬಾಯಿ ಬರ್ದೆ ಬೆಂಕಿಪೊಟ್ಟಣ ಇಸ್ಕೊಂಡು ಹೋದ್ಲು. ನಾಳೆ ಮಗು ಕಣ್ಣಿಗೆ ಏನಾದ್ರೂ ಆಯ್ತು ಅಂದ್ರೆ, ಆ ವಾಸನೆಯಿಂದ್ಲೇ ಆಯ್ತು ಅಂತ ಅವಳು ಸಾಯೋತನಕ ಅಂದ್ಕೋತಾಳೆ. ನಮ್ಮ ಕಜ್ಜಾಯ ಅವಳ ಎದೇಲಿ ಮುಳ್ಳಾಗ್ಬೇಕಾ?" ಮತ್ತೆ ಹೇಳಿದರು. "ನಿನ್ನಂತೆ ನೆರೆಯವರನ್ನೂ ಪ್ರೀತಿಸು ಅಂದಾಗ ನಮ್ಮ ಸ್ವಾಮಿ, ಹಬ್ಬದ ದಿನ ಒಂದು ಬಿಟ್ಟು ಅಂತ ಹೇಳ್ಲಿಲ್ಲ."

ಬಾಗಿಲಿಗೆ ಬೇವು ಕಟ್ಟಿದ ದಿನದಿಂದಲೇ ಆ ಮನೆಯಲ್ಲಿ ಸಾಸಿವೆ ಸಿಡಿದಿರಲಿಲ್ಲ. ನಾಲಗೆಯ ದಾಸ ಸಮುವೇಲಪ್ಪ ಸಪ್ಪೆ ಸಾರು ಉಂಡುಕೊಂಡು ನಮಗೆ ಬೇವು ತಂದು ಕೊಡುತ್ತಿದ್ದ. ನಮಗೆ ಇದು ತಿಳಿದೇ ಇರಲಿಲ್ಲ. ನಾನು ಮಗುವಿನ ಹಾಸಿಗೆಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ಅತ್ತೆಯವರು ಕಂಬಕ್ಕೊರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮರುದಿನ ಚರ್ಚಿನಿಂದ ಬಂದು ಅವರು ಕಾಯಿಕಡುಬು, ಮೊಸರನ್ನ ಉಂಡರು. ಊಟವಾದ ಮೇಲೆ ಅಳಿಯ ಜಗಲಿಗೆ ಬಂದು ಕೂತ. ಅತ್ತೆಯವರು ಬಾಗಿಲ ಮರೆಯಿಂದಲೇ ಕೇಳಿದರು.

"ಊಟ ಆಯ್ತೇನಪ್ಪ? ಹೊಸ ಅಳಿಯನಿಗೆ ಬರೀ ಕಡುಬು. ಬೇಜಾರಾಯ್ತೇನೋ."

ಹುಡುಗ ಎದ್ದು ನಿಂತ. "ಇಲ್ಲಮ್ಮ. ನಮ್ಮ ಕಡೆ ಯಾರಾದ್ರೂ ಗಣಿ ಒಳಗೆ ಸಿಕ್ಕಾಕ್ಕೊಂಡ್ರೆ, ಅವರು ಮೇಲೆ ಬರೋವರ್ಗೂ ನಮ್ಮ ಸಾಲಿನಲ್ಲಿ ಯಾರೂ ಒಲೆನೇ ಹಚ್ಚಲ್ಲ. ಇಲ್ಲಿ ಕಡುಬಾದ್ರೂ ಸಿಕ್ತು." ಆಮೇಲೆ ಕೇಳಿದ, "ಪಾಪು ಕಣ್ಣು ಬಿಡ್ತಾ?"

ಪಾಪು ಆ ದಿನ ಕಣ್ಣು ಬಿಡಲಿಲ್ಲ. ಕೆಲವು ದಿನ ಕಳೆದು ಬಾವಿಳಿಯಿತು. ಒಂದು ಬೆಳಿಗ್ಗೆ ರೆಪ್ಪೆ ಅಂಟು ಬಿಟ್ಟಿತು. ನಾನು ಹಿಂದೆ ಮುಂದೆ ಸರಿದು ನೋಡಿದೆ. ಮಗುವಿನ ಕಣ್ಣು ನಾನು ಹೋದತ್ತ ಬಂತು. ಆಮೇಲೆ ಬಾಗಿಲ ಬೇವಿನ ಸೊಪ್ಪು ಅಲ್ಲಾಡಿದ್ದನ್ನು ನೋಡಿ ಕೈಯೆತ್ತಿ ತೋರಿಸಿತು. ಗೋಡೆಯ ಆ ಕಡೆ ಮೊದಲು ಕೂಗಿ ಹೇಳಿದವರು ಅತ್ತೆಯವರೇ. "ಎಸ್ತರಮ್ಮಾ, ಕಣ್ಣು ಕಾಣ್ತಿದೆ." ಆ ಕಡೆಯಿಂದ ಮೂಗು ಸೆಳೆದ ಸದ್ದು ಬಂತು.

ಬೇವಿನ ನೀರಿನ ಕೊನೆಯ ಸ್ನಾನವಾದ ದಿನ ಅಮ್ಮನನ್ನು ಕಳಿಸಿಕೊಟ್ಟು ಮನೆಯಲ್ಲಿ ಮತ್ತೆ ಒಗ್ಗರಣೆ ಹಾಕಬೇಕು. ನಾನು ಸೌಟಿಗೆ ಎಣ್ಣೆ ಹಾಕಿದ್ದೆ. ಅತ್ತೆಯವರು ಕೈ ಹಿಡಿದರು. "ತಡಿ" ಎಂದು ಹೇಳಿ ಸೀದಾ ಎಸ್ತರಮ್ಮನ ಬಾಗಿಲಿಗೆ ಹೋದರು. ಅಷ್ಟು ವರ್ಷಗಳಲ್ಲಿ ಅವರು ಆ ಬಾಗಿಲಿಗೆ ಹೋದದ್ದು ಅದೇ ಮೊದಲು.

"ಎಸ್ತರಮ್ಮ, ಮೊದಲು ನಿಮ್ಮನೇಲಿ ಸಾಸಿವೆ ಸಿಡೀಲಿ. ಆಮೇಲೆ ನಮ್ಮದು."

ಬಂದು ಗೋಡೆಯ ಪಕ್ಕ ಮುಖ ಮೇಲೆತ್ತಿ ನಿಂತರು. ಗೋಣಿಚೀಲವನ್ನು ತಾವೇ ಕೋಲಿನಿಂದ ಕೆಳಕ್ಕೆ ತಳ್ಳಿದ್ದರು. ಚಟಪಟ ಸದ್ದು ಬಂತು, ಹಿಂದೆಯೇ ಘಮ. ಅತ್ತೆಯವರು ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡರು. ಮಡಿ ಬಿಟ್ಟು ಅವರೇನೂ ಆ ಮನೆಯ ಅನ್ನ ಉಣ್ಣಲಿಲ್ಲ, ಆ ದಿನವೂ ಇಲ್ಲ, ಮುಂದೆಂದೂ ಇಲ್ಲ. ಆದರೆ ಸಂಕ್ರಾಂತಿಯ ಹೊತ್ತಿಗೆ ಅಕ್ಕಿ ನೆನೆಸಿ, ತಮ್ಮ ಕೈಯಾರೆ ಕುಟ್ಟಿ, ಜರಡಿ ಹಿಡಿದು, ಹಿಟ್ಟನ್ನು ತಟ್ಟೆಯಲ್ಲಿಟ್ಟು ಬೆಲ್ಲದೊಂದಿಗೆ ಎಸ್ತರಮ್ಮನ ಹೊಸ್ತಿಲಿಗೆ ಕೊಟ್ಟು ಬಂದರು. "ಅಳಿಯನ್ನ ಇನ್ನೊಂದ್ಸಲ ಕರೆಸಿ. ಕಜ್ಜಾಯ ಬಾಕಿ ಇದೆ" ಎಂದರು. ಅಳಿಯ ಬಂದ. ಸಮುವೇಲಪ್ಪ ಅಂದು ತಿಂದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ, ದೃಷ್ಟಿಯಾದೀತು.

ಈಗ ಅವರು ಯಾರೂ ಇಲ್ಲ. ಎಸ್ತರಮ್ಮನಷ್ಟು ದೊಡ್ಡ ಮನಸ್ಸಿನವರನ್ನು ನಾನು ಆಮೇಲೆ ಕಂಡಿಲ್ಲ. ತಮಗೆ ನಂಬಿಕೆಯಿಲ್ಲದ ಭಯವೊಂದನ್ನು ಇನ್ನೊಬ್ಬರಿಗಾಗಿ ಅಷ್ಟು ಮರ್ಯಾದೆಯಿಂದ ನಡೆಸಿಕೊಟ್ಟು, ಅದನ್ನು ಬಾಯಿಬಿಟ್ಟು ಹೇಳದೆ ಇದ್ದುಬಿಟ್ಟರು. ಗೋಡೆ ಇನ್ನೊಂದಡಿ ಎತ್ತರವಿದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಮೊನ್ನೆ ಕಿಟಕಿ ಹಾಕಲಿಲ್ಲ. ಒಗ್ಗರಣೆ ಸೌಟನ್ನು ತೊಳೆದು ಮೊಳೆಗೆ ನೇತುಹಾಕಿದೆ. ಊಟಕ್ಕೆ ಕೂತ ಪದ್ಮ ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿದಳು. ಅವಳಿಗೂ ಈಗ ಕೂದಲು ಬೆಳ್ಳಗಾಗಿದೆ. ಹಣೆಯ ಮೇಲೆ ಸಿಡುಬಿನ ಕಲೆ ಹಾಗೇ ಇದೆ.

"ಏನಮ್ಮ, ಸಾರಿಗೆ ಒಗ್ಗರಣೆನೇ ಇಲ್ಲ? ಮರೆತ್ಯಾ?"

"ಮರೀಲಿಲ್ಲ. ಪಕ್ಕದ ಮನೆ ಹುಡುಗಿಗೆ ಮೂರು ತಿಂಗಳು" ಎಂದೆ. "ಮೊದಲು ಅವರ ಮನೇಲಿ ಸಾಸಿವೆ ಸಿಡೀಲಿ. ಆಮೇಲೆ ನಮ್ಮದು."

ಪದ್ಮ ತಟ್ಟೆಯನ್ನು ನನ್ನತ್ತ ಸರಿಸಿದಳು. ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.